ಗ್ಲೈಕಾನ್: ಮಾತಾಡುವ ಹಾವು ಮತ್ತು ಒಂದು ಸಿಂಪಲ್ ಟೆಸ್ಟ್

ಮೊದಲು ಈ ಮೂರ್ತಿಯನ್ನ ಸ್ವಲ್ಪ ಕಲ್ಪಿಸ್ಕೊಳ್ಳಿ. ಅಮೃತಶಿಲೆಯಲ್ಲಿ ಕೆತ್ತಿದ, ಸುರುಳಿ ಸುತ್ತಿ ಕೂತಿರೋ ದಪ್ಪ ಹಾವು. ಮುಖ ಮಾತ್ರ ಹಾವಿನದ್ದಲ್ಲ, ಕುರಿಯದ್ದೋ ಜಿಂಕೆಯದ್ದೋ ಅನ್ನೋ ಹಾಗಿದೆ. ಕಿವಿ, ಉದ್ದ ಕೂದಲು ಮನುಷ್ಯರದ್ದು. ಬಾಲದ ತುದಿ ಸಿಂಹದ್ದು. ಎತ್ತರ 66 ಸೆಂ.ಮೀ., ಅಂದ್ರೆ ನಮ್ಮ ಹಾಸ್ಟೆಲ್ ಟೇಬಲ್‌ಗಿಂತ ಸ್ವಲ್ಪ ಕಮ್ಮಿ. ಸುರುಳಿ ಬಿಚ್ಚಿ ಅಳೆದರೆ ನಾಲ್ಕೂವರೆ ಮೀಟರ್‌ಗಿಂತ ಜಾಸ್ತಿ. ಎಲ್ಲವೂ ಒಂದೇ ಕಲ್ಲಿನಲ್ಲಿ!

ಈ ದೇವರ ಹೆಸರು ಗ್ಲೈಕಾನ್. 1962ರಲ್ಲಿ ರೊಮೇನಿಯಾದ ಕಾನ್‌ಸ್ಟಾಂಟ್ಸಾ ನಗರದಲ್ಲಿ, ಹಳೆಯ ರೈಲು ನಿಲ್ದಾಣದ ಜಾಗ ಅಗೆಯುವಾಗ ಒಟ್ಟು 24 ಶಿಲ್ಪಗಳು ಸಿಕ್ಕವು. ಅದರಲ್ಲಿ ಇದೂ ಒಂದು. ರೋಮನ್ನರ ಕಾಲದಲ್ಲಿ ಆ ಊರಿನ ಹೆಸರು ಟೋಮಿಸ್. ಈಗ ಮೂರ್ತಿ ಅಲ್ಲಿನ ಮ್ಯೂಸಿಯಂನಲ್ಲಿದೆ. 1994ರ ರೊಮೇನಿಯಾದ 10,000 ಲೇ ನೋಟಿನ ಮೇಲೂ ಇದರ ಚಿತ್ರ ಇತ್ತು.

ನನಗೆ ಮೂರ್ತಿಗಿಂತ ಅದರ ಹಿಂದಿನ ಕಥೆ ಇಷ್ಟ ಆಯ್ತು. ಯಾಕಂದ್ರೆ ಅದರಲ್ಲಿ ಹಾರ್ಡ್‌ವೇರ್ ಇದೆ, ಹ್ಯಾಕಿಂಗ್ ಇದೆ, ಟೆಸ್ಟಿಂಗ್ ಕೂಡ ಇದೆ.

ಮೊಟ್ಟೆಯಿಂದ ಬಂದ ದೇವರು

ಕ್ರಿ.ಶ. 2ನೇ ಶತಮಾನ. ಈಗಿನ ಟರ್ಕಿಯ ಕಪ್ಪು ಸಮುದ್ರದ ದಡದಲ್ಲಿ ಅಬೊನೊಟೈಕಸ್ ಅನ್ನೋ ಚಿಕ್ಕ ಊರು. ಅಲ್ಲಿ ಅಲೆಕ್ಸಾಂಡರ್ ಅಂತ ಒಬ್ಬ ಇದ್ದ (ಆ ರಾಜ ಅಲೆಕ್ಸಾಂಡರ್ ಅಲ್ಲ, ಅವನು ಸತ್ತು ಆಗಲೇ ನಾನೂರು ವರ್ಷದ ಮೇಲಾಗಿತ್ತು). ಇವನ ಕಥೆ ನಮಗೆ ಗೊತ್ತಿರೋದು ಅದೇ ಕಾಲದ ಲೂಸಿಯನ್ ಅನ್ನೋ ಗ್ರೀಕ್ ಲೇಖಕನಿಂದ. ಲೂಸಿಯನ್‌ಗೆ ಇವನನ್ನ ಕಂಡರೆ ಆಗ್ತಿರಲಿಲ್ಲ, ಆದ್ದರಿಂದ ಸ್ವಲ್ಪ ಮಸಾಲೆ ಸೇರಿರಬಹುದು ಅಂತ ನೆನಪಿಟ್ಟುಕೊಂಡೇ ಓದಬೇಕು.

ಲೂಸಿಯನ್ ಹೇಳೋ ಪ್ರಕಾರ, ಅಲೆಕ್ಸಾಂಡರ್ ಒಂದು ಹೆಬ್ಬಾತಿನ ಮೊಟ್ಟೆ ಖಾಲಿ ಮಾಡಿ, ಒಳಗೆ ಪುಟ್ಟ ಹಾವಿನ ಮರಿ ಇಟ್ಟು, ದೇವಸ್ಥಾನದ ಅಡಿಪಾಯದ ಕೆಸರಿನಲ್ಲಿ ರಾತ್ರಿ ಹೂತಿಟ್ಟ. ಬೆಳಗ್ಗೆ ಜನರ ಎದುರು ತೆಗೆದು ಒಡೆದು ತೋರಿಸಿದ. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್ ಮತ್ತೆ ಹುಟ್ಟಿದ್ದಾನೆ ಅಂತ ಊರಿಗೆ ಊರೇ ಕುಣೀತು. ಕೆಲವೇ ದಿನದಲ್ಲಿ ಆ ಮರಿ ದೊಡ್ಡ ಹಾವಾಗಿ ಅವನ ಮೈಮೇಲೆ ಸುತ್ತಿಕೊಂಡಿತ್ತು. ಅದು ಬೇರೆ ಹಾವು, ಮ್ಯಾಸಿಡೋನಿಯಾದಿಂದ ಮೊದಲೇ ಕೊಂಡು ತಂದ ಸಾಧು ಹಾವು. ಅದರ ನಿಜವಾದ ತಲೆಯನ್ನ ಕಂಕುಳಲ್ಲಿ ಅಡಗಿಸಿ, ನಾರುಬಟ್ಟೆಯಲ್ಲಿ ಮಾಡಿದ ಮನುಷ್ಯನಂಥ ತಲೆಯನ್ನ ಹೊರಗೆ ತೋರಿಸ್ತಿದ್ದ. ಕುದುರೆ ಕೂದಲು ಎಳೆದರೆ ಬಾಯಿ ತೆರೆದು ಮುಚ್ಚುತ್ತೆ, ಸೀಳು ನಾಲಿಗೆ ಹೊರಗೆ ಬರುತ್ತೆ. ಕೋಣೆಯಲ್ಲಿ ಬೆಳಕು ಕಮ್ಮಿ. ಜನ ಒಂದು ಬಾಗಿಲಲ್ಲಿ ಬಂದು, ಸರಿಯಾಗಿ ನೋಡೋ ಮೊದಲೇ ಇನ್ನೊಂದು ಬಾಗಿಲಲ್ಲಿ ಹೊರಗೆ.

ಆಮೇಲೆ ಅಪ್‌ಗ್ರೇಡ್ ಬಂತು. ಕೊಕ್ಕರೆಯಂಥ ದೊಡ್ಡ ಹಕ್ಕಿಗಳ ಶ್ವಾಸನಾಳಗಳನ್ನ ಒಂದಕ್ಕೊಂದು ಜೋಡಿಸಿ ಪೈಪ್ ಮಾಡಿ ಆ ತಲೆಗೆ ಸೇರಿಸಿದ. ಹೊರಗಿಂದ ಯಾರೋ ಮಾತಾಡಿದರೆ ದೇವರ ಬಾಯಿಂದ ಉತ್ತರ!

ಸೀಲ್ ಹ್ಯಾಕ್

ಮಾಮೂಲಿ ಪದ್ಧತಿ ಏನಂದ್ರೆ, ನಿಮ್ಮ ಪ್ರಶ್ನೆ ಬರೆದು ಸುರುಳಿ ಸುತ್ತಿ, ಮೇಣದ ಸೀಲ್ ಹಾಕಿ ಕೊಡಬೇಕು. ಸೀಲ್ ಹಾಗೇ ಇರುವಾಗಲೇ ಉತ್ತರ ಬರುತ್ತೆ. ಫೀಸು ಒಂದು ದ್ರಾಕ್ಮ ಎರಡು ಒಬೊಲ್. ಆದರೆ ಬಿಸಿ ಸೂಜಿಯಿಂದ ಸೀಲ್‌ನ ತಳ ಕರಗಿಸಿ, ಓದಿ, ಮತ್ತೆ ಅಂಟಿಸೋದು ಅವನಿಗೆ ಗೊತ್ತಿತ್ತು. ಇಲ್ಲಾಂದ್ರೆ ಸೀಲ್‌ನ ಅಚ್ಚು ತೆಗೆದು ಹೊಸ ಸೀಲ್ ಹಾಕ್ತಿದ್ದ. ಮೇಣವನ್ನೇ ನಂಬಿದ ಸಿಸ್ಟಮ್‌ಗೆ ಮೇಣದಲ್ಲೇ ಹೊಡೆತ.

ಲೂಸಿಯನ್ ಇದನ್ನ ಹೇಗೆ ಬಯಲು ಮಾಡಿದ ಅನ್ನೋದು ನನ್ನ ಫೇವರಿಟ್ ಭಾಗ. "ಹೋಮರ್ ಹುಟ್ಟಿದ್ದು ಎಲ್ಲಿ?" ಅನ್ನೋ ಒಂದೇ ಪ್ರಶ್ನೆಯನ್ನ ಬೇರೆ ಬೇರೆ ಹೆಸರಲ್ಲಿ ಎರಡು ಸುರುಳಿಯಲ್ಲಿ ಬರೆದು, ಭದ್ರವಾಗಿ ಸೀಲ್ ಮಾಡಿ ಕಳಿಸಿದ. ಅವನ ಆಳು ಮಾತ್ರ ಅಲ್ಲಿ ಹೋಗಿ, ಒಂದು ಪಕ್ಕೆನೋವಿನ ಔಷಧಿಗೆ, ಇನ್ನೊಂದು ಇಟಲಿಗೆ ಹಡಗಲ್ಲಿ ಹೋಗೋದೋ ನೆಲದ ದಾರಿಯೋ ಅಂತ ಕೇಳೋಕೆ ಅಂತ ಸುಳ್ಳು ಹೇಳಿದ. ಉತ್ತರ ಏನು ಬಂತು? ಒಂದಕ್ಕೆ ಹಚ್ಚಿಕೊಳ್ಳೋಕೆ ಮದ್ದು, ಇನ್ನೊಂದಕ್ಕೆ ನೆಲದ ದಾರಿ ಹಿಡಿ ಅನ್ನೋ ಸಲಹೆ. ಹೋಮರ್ ಸುದ್ದಿಯೇ ಇಲ್ಲ. ಮತ್ತೊಮ್ಮೆ "ಅಲೆಕ್ಸಾಂಡರ್ ಯಾವಾಗ ಸಿಕ್ಕಿಬೀಳ್ತಾನೆ?" ಅಂತ ಒಂದೇ ಪ್ರಶ್ನೆ ಬರೆದು, ಮೇಲೆ "ಎಂಟು ಪ್ರಶ್ನೆಗಳು" ಅಂತ ಹಾಕಿ ಎಂಟಕ್ಕೂ ಫೀಸು ಕಳಿಸಿದ. ಎಂಟು ಉತ್ತರ ಬಂತು!

ನೋಡಿ, ಲೂಸಿಯನ್ ಪೈಪ್ ಎಲ್ಲಿದೆ ಅಂತ ಹುಡುಕೋಕೆ ಹೋಗಲಿಲ್ಲ. ಬಾಕ್ಸ್ ಬಿಚ್ಚಲೇ ಇಲ್ಲ. ತಾನೇ ಆರಿಸಿದ ಇನ್‌ಪುಟ್ ಕೊಟ್ಟು ಔಟ್‌ಪುಟ್ ನೋಡಿದ, ಅಷ್ಟೇ. ನಾವು ಬ್ಲ್ಯಾಕ್ ಬಾಕ್ಸ್ ಟೆಸ್ಟಿಂಗ್ ಅಂತ ಕರೆಯೋದು ಇದನ್ನೇ ಅಲ್ವಾ?

ತಮಾಷೆ ಮುಗಿಯೋ ಜಾಗ

ಇಲ್ಲಿವರೆಗೆ ನಗು ಬರುತ್ತೆ. ಆದರೆ ಕ್ರಿ.ಶ. 165ರ ಸುಮಾರಿಗೆ ರೋಮನ್ ಸಾಮ್ರಾಜ್ಯದಲ್ಲಿ ಭಯಂಕರ ಸಾಂಕ್ರಾಮಿಕ ರೋಗ ಹಬ್ಬಿತು. ಅಲೆಕ್ಸಾಂಡರ್ ಒಂದು ಸಾಲಿನ ರಕ್ಷಾಮಂತ್ರ ಎಲ್ಲ ಕಡೆ ಕಳಿಸಿದ. ಜನ ಅದನ್ನ ಬಾಗಿಲ ಮೇಲೆ ಬರೆದುಕೊಂಡರು. ಹಾಗೆ ಬರೆದ ಮನೆಗಳೇ ಹೆಚ್ಚಾಗಿ ಖಾಲಿಯಾದವು ಅಂತಾನೆ ಲೂಸಿಯನ್. ಮಂತ್ರದಿಂದಲೇ ಸತ್ತರು ಅಂತ ಅವನು ಹೇಳಲ್ಲ. ಅದನ್ನ ನಂಬಿ ಎಚ್ಚರಿಕೆ ಬಿಟ್ಟಿರಬಹುದು ಅಂತಾನೆ. ಕೋರಿಲೇಷನ್ ಬೇರೆ, ಕಾರಣ ಬೇರೆ ಅನ್ನೋದು ಅವನಿಗೆ ಆಗಲೇ ಗೊತ್ತಿತ್ತು.

ಹಾಗಾದ್ರೆ ಟೆಸ್ಟ್ ಆದಮೇಲೆ ಗ್ಲೈಕಾನ್ ಕಥೆ ಮುಗೀತಾ? ಇಲ್ಲ. ರುಟಿಲಿಯಾನಸ್ ಅನ್ನೋ ದೊಡ್ಡ ರೋಮನ್ ಅಧಿಕಾರಿ ಅಲೆಕ್ಸಾಂಡರನ ಮಗಳನ್ನೇ ಮದುವೆಯಾಗಿದ್ದ. ಲೂಸಿಯನ್ ಕೇಸ್ ಹಾಕೋಕೆ ಹೊರಟಾಗ ಅಲ್ಲಿನ ಗವರ್ನರ್, ಆ ಅಳಿಯನ ಮುಖ ನೋಡಿ ಬೇಡ ಅಂತ ತಡೆದ. ಅಲೆಕ್ಸಾಂಡರ್ ಸತ್ತ ಮೇಲೂ, 3ನೇ ಶತಮಾನದಲ್ಲೂ ಆ ಊರಿನ ನಾಣ್ಯದ ಮೇಲೆ ಗ್ಲೈಕಾನ್ ಇದ್ದ.

ಕಾನ್‌ಸ್ಟಾಂಟ್ಸಾದ ಮೂರ್ತಿಯ ಫೋಟೋ ಮತ್ತೆ ನೋಡಿದಾಗ ನನಗೆ ನಗು ಬರಲಿಲ್ಲ. ಅದನ್ನ ಕೆತ್ತಿದವನು ಮೋಸಗಾರ ಅಲ್ಲ. ಆ ಕೂದಲಿನ ಎಳೆ ಎಳೆಯಲ್ಲೂ ಶ್ರದ್ಧೆ ಕಾಣುತ್ತೆ. ಅದನ್ನ ಬೇರೆ ದೇವರುಗಳ ಜೊತೆ ಯಾರೋ ಬೇಕಂತಲೇ ಮಣ್ಣಲ್ಲಿ ಬಚ್ಚಿಟ್ಟಿದ್ದರು ಅಂತ ವಿದ್ವಾಂಸರು ಭಾವಿಸ್ತಾರೆ. ರೋಗ, ಯುದ್ಧ ಬಂದಾಗ ಜನಕ್ಕೆ ಒಂದು ಉತ್ತರ ಬೇಕಿತ್ತು. ಅವರು ದಡ್ಡರಲ್ಲ, ಹೆದರಿದ್ದರು.

ನಾನೂ ಹೆದರಿದ್ದೆ. ಫಸ್ಟ್ ಇಯರ್‌ನಲ್ಲಿ ಮ್ಯಾತ್ಸ್ ಪರೀಕ್ಷೆ ಹಿಂದಿನ ರಾತ್ರಿ ಯಾವುದೋ ಗ್ರೂಪ್‌ಗೆ 99 ರೂಪಾಯಿ ಕೊಟ್ಟು "ಪಕ್ಕಾ ಬರೋ ಪ್ರಶ್ನೆಗಳು" ತಗೊಂಡೆ. ಎಂಟು ಪ್ರಶ್ನೆ. ಒಂದೂ ಬರಲಿಲ್ಲ. ಹಿಂದಿನ ವರ್ಷದ ಪೇಪರ್ ಜೊತೆ ಹೋಲಿಸಿ ನೋಡೋಕೆ ಹತ್ತು ನಿಮಿಷ ಸಾಕಿತ್ತು, ನೋಡಲಿಲ್ಲ. ಅದಕ್ಕಿಂತ ಬೇಜಾರು ಅಂದ್ರೆ, ಅದನ್ನ ರೂಮ್‌ಮೇಟ್‌ಗೂ ಫಾರ್ವರ್ಡ್ ಮಾಡಿದ್ದೆ. ಅವನು ನನ್ನನ್ನ ನಂಬಿ ಅಷ್ಟೇ ಓದಿದ.

ಅಂದಹಾಗೆ, ತನ್ನ ಊರಿಗೆ ಅಯೊನೊಪೊಲಿಸ್ ಅಂತ ಹೊಸ ಹೆಸರಿಡಿ ಅಂತ ಅಲೆಕ್ಸಾಂಡರ್ ಚಕ್ರವರ್ತಿಯನ್ನ ಕೇಳಿಕೊಂಡಿದ್ದ. ಮ್ಯಾಪ್ ತೆಗೆದು ನೋಡಿ, ಆ ಊರು ಈಗಲೂ ಇದೆ. ಹೆಸರು ಇನೆಬೊಲು. ಅಯೊನೊಪೊಲಿಸ್ ಅನ್ನೋದೇ ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ.