‘ಇನ್ನೊಂದೇ ಸಲ’ ಅನ್ನಿಸುವುದು ಯಾಕೆ?



ಜಾತ್ರೆಯಲ್ಲಿ ದಾಳದ ಆಟದ ಸುತ್ತ ಜನ ಮುತ್ತಿಕೊಂಡಿರುವುದನ್ನು ನೋಡಿರಬಹುದು. ದುಡ್ಡು ಕಳೆದುಕೊಂಡವರೂ ಎದ್ದು ಹೋಗುವುದಿಲ್ಲ. ‘ಇನ್ನೊಂದೇ ಸಲ’ ಅಂತ ಮತ್ತೆ ಜೇಬಿಗೆ ಕೈ ಹಾಕುತ್ತಾರೆ. ಯಾಕೆ? ಇದಕ್ಕೆ ಒಂದು ಉತ್ತರ ನಮ್ಮ ಮೆದುಳಿನಲ್ಲೇ ಇದೆ.

ಮೆದುಳಿನ ನಡುಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುವ ನರಕೋಶಗಳಿವೆ. ವೋಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳಲ್ಲಿ ಇವನ್ನು ಪರೀಕ್ಷಿಸಿದರು. ಇದ್ದಕ್ಕಿದ್ದಂತೆ ಹಣ್ಣಿನ ರಸ ಸಿಕ್ಕಾಗ ಈ ಕೋಶಗಳು ಚುರುಕಾದವು. ಆಮೇಲೆ ಮೊದಲು ದೀಪ, ನಂತರ ರಸ ಎಂದು ರೂಢಿ ಮಾಡಿದರು. ಆಗ ದೀಪ ಕಂಡ ಕೂಡಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು! ದೀಪ ಹತ್ತಿಯೂ ರಸ ಬಾರದಿದ್ದರೆ ಮಂಕಾದವು. ಅಂದರೆ ಈ ಕೋಶಗಳು ಎಷ್ಟು ಸಿಕ್ಕಿತು ಅಂತ ಲೆಕ್ಕ ಹೇಳುವುದಿಲ್ಲ. ಅಂದುಕೊಂಡದ್ದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹೇಳುತ್ತವೆ. ಮೆದುಳು ಕಲಿಯುವುದು ಹೀಗೆ.

2003ರಲ್ಲಿ ಶುಲ್ಟ್ಜ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಕೋತಿಗೆ ಬೇರೆ ಬೇರೆ ಚಿತ್ರ ತೋರಿಸುವುದು. ಒಂದು ಚಿತ್ರ ಬಂದರೆ ರಸ ಖಂಡಿತ, ಇನ್ನೊಂದು ಬಂದರೆ ಇಲ್ಲವೇ ಇಲ್ಲ, ಮತ್ತೊಂದಕ್ಕೆ ಎರಡು ಸಲದಲ್ಲಿ ಒಂದು ಸಲದಂತೆ ಸಿಗುತ್ತೆ. ಖಂಡಿತ ಸಿಗುತ್ತೆ ಎಂದು ಗೊತ್ತಿದ್ದಾಗ, ಕಾಯುವ ಹೊತ್ತಿನಲ್ಲಿ ಕೋಶಗಳು ಶಾಂತವಾಗಿದ್ದವು. ‘ಬಂದರೂ ಬಂತು, ಇಲ್ಲದಿದ್ದರೂ ಇಲ್ಲ’ ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲೇ ಅವುಗಳ ಚಟುವಟಿಕೆ ಏರುತ್ತಾ ಏರುತ್ತಾ ಎಲ್ಲಕ್ಕಿಂತ ಹೆಚ್ಚಾಯಿತು. ಜೂಜಿನ ಸೆಳೆತಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಂತ ಅನುಮಾನದ ಕೆಲಸವೆಲ್ಲ ಕೆಟ್ಟದ್ದಲ್ಲ. ರೈತ ಬಿತ್ತುವುದೂ ಮಳೆ ಖಂಡಿತ ಅಂತ ಅಲ್ಲ. ಆದರೆ ಅವನು ಹದ ನೋಡುತ್ತಾನೆ, ಒಳ್ಳೆ ಬೀಜ ಆರಿಸುತ್ತಾನೆ. ಅವನ ಬುದ್ಧಿಗೆ ಅಲ್ಲಿ ಬೆಲೆ ಇದೆ. ದಾಳಕ್ಕೆ ಯಾರ ಬುದ್ಧಿಯೂ ಗೊತ್ತಿಲ್ಲ. ಹಿಂದಿನ ಐದು ಸಲ ಸೋತಿದ್ದೂ ಅದಕ್ಕೆ ನೆನಪಿಲ್ಲ.

ಈಗ ಲೆಕ್ಕ ಮಾಡಿ. ದಾಳಕ್ಕೆ ಆರು ಮುಖ. ಒಂದಾಟಕ್ಕೆ 10 ರೂಪಾಯಿ; ನಮ್ಮ ಅಂಕಿ ಬಿದ್ದರೆ 50 ರೂಪಾಯಿ ಕೈಗೆ. ಆರು ಆಟಕ್ಕೆ ಕೊಟ್ಟದ್ದು 60. ಸರಾಸರಿ ಗೆಲ್ಲುವುದು ಒಂದೇ ಸಲ, ಬಂದದ್ದು 50. ಉಳಿದ 10 ಆಟ ಆಡಿಸುವವನ ಚೀಲಕ್ಕೆ! ಆಡಿದಷ್ಟೂ ಅವನಿಗೇ ಲಾಭ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಆದರೆ ಆಸೆಗೆ ನಿಷೇಧ ಹಾಕುವವರು ಯಾರು? ನಾವೇ. ಮನಸ್ಸು ‘ಈ ಸಲ ಬಂದೇ ಬರುತ್ತೆ’ ಅಂದಾಗ ಬಳಪ ಹಿಡಿದು ಲೆಕ್ಕ ಬರೆಯಿರಿ. ಮನೆಯಲ್ಲೂ ತೋರಿಸಿ.