ಮೂರು ಚರ್ಚು, ಒಂದು ಸಭೆ

ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು, ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು, ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್ ಚರ್ಚು - ಮೂರನ್ನೂ ಒಂದು ಬೆಳಗಿನ ನಡಿಗೆಯಲ್ಲಿ ನೋಡಿ ಬರಬಹುದು. ಇಂದು ಮೂರೂ ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿವೆ. ಕಟ್ಟಿದ ಕಾಲದಲ್ಲಿ ಮಾತ್ರ ಇವು ಮೂರು ಬೇರೆ ಬೇರೆ ಮನೆಗಳು. ರೈಸ್ ಚರ್ಚು ಲಂಡನ್ ಮಿಷನ್ನಿನದು. ಅದಕ್ಕೆ ಹೆಸರು ಕೊಟ್ಟ ಬೆಂಜಮಿನ್ ರೈಸ್, ನಮ್ಮ ಶಾಸನಗಳನ್ನು ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಂದೆ. 1904ರ ಹಡ್ಸನ್ ಚರ್ಚು ವೆಸ್ಲಿಯನ್ ಮೆಥಡಿಸ್ಟರದು. ಸೇಂಟ್ ಲ್ಯೂಕ್ಸ್, ಹಿಂದೆ ಕೋಟೆಯಲ್ಲಿದ್ದ ಆಂಗ್ಲಿಕನ್ ಚರ್ಚಿನ ಉತ್ತರಾಧಿಕಾರಿ.

ಈ ಭೇದಗಳು ಹುಟ್ಟಿದ್ದು ಇಂಗ್ಲೆಂಡಿನ ಜಗಳಗಳಲ್ಲಿ. ಸಭೆಗೆ ಬಿಷಪ್ ಬೇಕೆ, ಬೇಡವೆ? ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರವೆ? ಕನ್ನಡಿಗರಿಗೂ ಆ ವ್ಯಾಜ್ಯಕ್ಕೂ ಏನು ಸಂಬಂಧ? ಪೈಪೋಟಿ ಬೇಡವೆಂದು ಮಿಷನ್ನುಗಳು ಸೀಮೆ ಹಂಚಿಕೊಂಡಿದ್ದವು. ಹೀಗಾಗಿ ಬಳ್ಳಾರಿಯವನು ಲಂಡನ್ ಮಿಷನ್ನಿಗೂ ತುಮಕೂರಿನವನು ವೆಸ್ಲಿಯನ್ನರಿಗೂ ಧಾರವಾಡದವನು ಬಾಸೆಲ್ ಮಿಷನ್ನಿಗೂ ಸೇರಿದ್ದು ಧರ್ಮಶಾಸ್ತ್ರ ತೂಗಿ ನೋಡಿ ಅಲ್ಲ, ಇದ್ದ ಊರಿನಿಂದ. ಆದರೆ ಅದರ ಫಲ ಮಾತ್ರ ನಿಜವಾದದ್ದು. ಆಂಗ್ಲಿಕನ್ ನಿಯಮದಂತೆ, ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿಯ ಕೈಯಿಂದ ಪ್ರಭು ಭೋಜನದ ರೊಟ್ಟಿ ಸ್ವೀಕರಿಸುವಂತಿರಲಿಲ್ಲ. ಒಂದೇ ಊರಿನ, ಒಂದೇ ಭಾಷೆಯ ಇಬ್ಬರು ವಿಶ್ವಾಸಿಗಳು ಒಂದೇ ಪಂಕ್ತಿಯಲ್ಲಿ ಕೂರುವಂತಿಲ್ಲವೆಂದರೆ, ಪಂಕ್ತಿಭೇದವನ್ನು ಬಲ್ಲ ನಮಗೆ ಅದರ ನೋವನ್ನು ವಿವರಿಸಬೇಕಿಲ್ಲ.

ಕನ್ನಡದ ಕೆಲಸ ಮಾತ್ರ ಈ ಗೋಡೆಗಳನ್ನು ಮೊದಲೇ ದಾಟಿತ್ತು. ಲಂಡನ್ ಮಿಷನ್ನಿನ ರೀವ್ 1832ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟನ್ನು 1858ರಲ್ಲಿ ಪರಿಷ್ಕರಿಸಿದವರು ವೆಸ್ಲಿಯನ್ ಸ್ಯಾಂಡರ್ಸನ್. ಆ ಸಾಲಿನ ಶಿಖರವಾದ 1894ರ ನಿಘಂಟು ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರದು. 1910ರಲ್ಲಿ ಬೆಂಗಳೂರಿನಲ್ಲಿ ಹಲವು ಮಿಷನ್ನುಗಳು ಕೂಡಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ತೆರೆದವು. ಒಂದೇ ತರಗತಿಯಲ್ಲಿ ಓದಿದವರು ಊರಿಗೆ ಮರಳಿ ಪರಸ್ಪರರನ್ನು ಪರಕೀಯರೆಂದು ಎಣಿಸುವುದು ಕಷ್ಟ.

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಮೊದಲಾದವರು ಸೇರಿದರು. ಬಹುಪಾಲು ಭಾರತೀಯರೇ ಇದ್ದ ಆ ಸಭೆ, ಈ ಒಡಕುಗಳು ನಾವು ಮಾಡಿಕೊಂಡವಲ್ಲ, ಹೊರಗಿನಿಂದ ಬಂದವು ಎಂದು ಸಾರಿತು. ಮಾತುಕತೆ ಮುಗಿಯಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಕಗ್ಗಂಟಾದದ್ದು ದೀಕ್ಷೆಯೇ. ಮೆಥಡಿಸ್ಟ್ ಪಾದ್ರಿಗೆ ಬಿಷಪ್ ಮತ್ತೆ ದೀಕ್ಷೆ ಕೊಟ್ಟರೆ ಅವನ ಹಿಂದಿನ ಸೇವೆಯೆಲ್ಲ ಸುಳ್ಳೆಂದಂತೆ. ಕೊಡದಿದ್ದರೆ ಆಂಗ್ಲಿಕನ್ನರ ಪರಂಪರೆಗೆ ಭಂಗ. ಕೊನೆಗೆ ಕಂಡ ದಾರಿ ಜಾಣತನದ್ದು: ಈಗಿರುವವರನ್ನು ಇದ್ದಂತೆಯೇ ಒಪ್ಪುವುದು, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದ, ಯಾವ ಸಭೆಯ ಮೇಲೂ ಅದರ ಆತ್ಮಸಾಕ್ಷಿ ಒಪ್ಪದ ಪಾದ್ರಿಯನ್ನು ಹೇರುವಂತಿಲ್ಲ, ಉಳಿದ ಅಪವಾದಗಳನ್ನು ಮೂವತ್ತು ವರ್ಷಗಳ ನಂತರ ನೋಡೋಣ. ತತ್ತ್ವ ಗೆಲ್ಲದ ಕಡೆ ಕಾಲಕ್ಕೆ ಬಿಟ್ಟದ್ದು ಹೇಡಿತನವೆಂದು ನನಗನ್ನಿಸುವುದಿಲ್ಲ.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿ.ಎಸ್.ಐ. ಉದ್ಘಾಟನೆಯಾಯಿತು. ಬಿಷಪ್ಪರುಳ್ಳ ಸಭೆಯೊಂದು ಬಿಷಪ್ಪರಿಲ್ಲದ ಸಭೆಗಳೊಡನೆ ಹೀಗೆ ಒಂದಾದದ್ದು ಲೋಕಕ್ಕೆ ಹೊಸತು. ಹಲವು ವರ್ಷ ಇಂಗ್ಲೆಂಡಿನ ಆಂಗ್ಲಿಕನ್ನರೇ ಅದರೊಡನೆ ಪೂರ್ಣ ಸಂಬಂಧಕ್ಕೆ ಹಿಂಜರಿದರು.

ಎಲ್ಲರೂ ಬರಲಿಲ್ಲ. ಕೋಲಾರ, ಬೀದರಿನ ಅಮೆರಿಕನ್ ಮೆಥಡಿಸ್ಟರು ಹೊರಗೇ ಉಳಿದರು. ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳು ಸೇರಿದ್ದು 1968ರಲ್ಲಿ. ಕೆಥೊಲಿಕರದು ಬೇರೆಯೇ ದಾರಿ. ಒಬ್ಬರ 'ಕರ್ತನ ಭೋಜನ' ಇನ್ನೊಬ್ಬರಿಗೆ 'ಪರಮಪ್ರಸಾದ'. 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಬದಲು ಜನಭಾಷೆಯಲ್ಲಿ ಪೂಜೆಗೆ ಅವಕಾಶ ಕೊಟ್ಟಾಗ, ಬೆಂಗಳೂರಿನಲ್ಲಿ ಯಾವ ಜನರ ಭಾಷೆ ಎಂಬುದೇ ವಿವಾದವಾಯಿತು. ದೀಕ್ಷೆಯ ಗಂಟನ್ನು ಬಿಡಿಸಿದ ಸಿ.ಎಸ್.ಐ.ನಲ್ಲೂ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆಗಳು ಬೇರೆ ಬೇರೆಯಾಗಿಯೇ ನಡೆಯುತ್ತವೆ.