ಟ್ರೇಲರ್ ಕಟ್ಟುವ ಮುನ್ನ ಲೈಸೆನ್ಸ್ ನೋಡಿ



ಸಂಘದ ಸಾಲದಿಂದ ಹಸು, ಹೊಲಿಗೆ ಯಂತ್ರ ಕೊಂಡ ನಮ್ಮ ಅಕ್ಕತಂಗಿಯರಲ್ಲಿ ಕೆಲವರು ಟ್ರ್ಯಾಕ್ಟರ್, ಸಣ್ಣ ಗೂಡ್ಸ್ ಗಾಡಿಗಳ ಸಾಲಕ್ಕೂ ಮುಂದೆ ಬಂದಿದ್ದಾರೆ. ಸಂತೋಷದ ವಿಷಯ. ಗಾಡಿ ಓಡಿಸುವವರು ಗಂಡನೋ, ಮಗನೋ, ಕೂಲಿಗೆ ಬಂದ ಡ್ರೈವರೋ ಇರಬಹುದು. ಆದರೆ ಆರ್.ಸಿ. ಪುಸ್ತಕದಲ್ಲಿ ಹೆಸರು ಯಾರದು? ನಿಮ್ಮದಾಗಿದ್ದರೆ, ಅಪಘಾತವಾದಾಗ ಕೋರ್ಟಿನ ನೋಟೀಸು ಬರುವುದೂ ನಿಮ್ಮ ಹೆಸರಿಗೇ. ಅದಕ್ಕಾಗಿ ಈ ನಾಲ್ಕು ಮಾತು ತಿಳಿದಿರಬೇಕು.

7,500 ಕಿಲೋ ಅಂದರೆ ಏನು?

1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಲಘು ವಾಹನ’ ಅಂತ ಒಂದು ವರ್ಗವಿದೆ. ಲೈಸೆನ್ಸಿನಲ್ಲಿ ಇದನ್ನೇ ಎಲ್.ಎಂ.ವಿ. ಅಂತ ಬರೆಯುತ್ತಾರೆ. ಇದರ ಮಿತಿ 7,500 ಕಿಲೋ, ಅಂದರೆ 75 ಕ್ವಿಂಟಲ್. ಆದರೆ ಯಾವ ತೂಕ ಅನ್ನುವುದು ಮುಖ್ಯ. ಕಾರು, ಟ್ರ್ಯಾಕ್ಟರಿಗೆ ಖಾಲಿ ಗಾಡಿಯ ತೂಕ ಲೆಕ್ಕ. ಗೂಡ್ಸ್ ಗಾಡಿಗೆ ಮಾತ್ರ ಗಾಡಿ ಮತ್ತು ಲೋಡ್ ಎರಡೂ ಸೇರಿದ ತೂಕ ಲೆಕ್ಕ. ಎರಡೂ ಆರ್.ಸಿ.ಯಲ್ಲೇ ಬರೆದಿರುತ್ತವೆ.

ಟ್ರೇಲರ್ ಕಟ್ಟಿದರೆ ಬೇರೆ ಲೈಸೆನ್ಸ್ ಬೇಕೇ?

ಕಬ್ಬೋ ಭತ್ತವೋ ತುಂಬಿದ ಟ್ರೇಲರ್ ಬಲು ಭಾರ, ಹಾಗಾಗಿ ಹೆವಿ ಲೈಸೆನ್ಸ್ ಬೇಕು ಅಂತ ಕೆಲವರು ಹೆದರಿಸುತ್ತಾರೆ. ಇದು ಸರಿಯಲ್ಲ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಇದನ್ನು ಬಿಡಿಸಿ ಹೇಳಿದೆ: ಟ್ರ್ಯಾಕ್ಟರ್ ಓಡಿಸಲು ಸರಿಯಾದ ಲೈಸೆನ್ಸ್ ಇದ್ದರೆ, ಹಿಂದೆ ಟ್ರೇಲರ್ ಕಟ್ಟಿ ಸಾಮಾನು ಹೇರಿದ ಮಾತ್ರಕ್ಕೆ ಆ ಲೈಸೆನ್ಸ್ ಕೆಲಸಕ್ಕೆ ಬಾರದ್ದಾಗುವುದಿಲ್ಲ.

ಸಣ್ಣ ಗೂಡ್ಸ್ ಗಾಡಿಯ ವಿಷಯದಲ್ಲೂ ಬಹಳ ವರ್ಷ ಗೊಂದಲವಿತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಅದನ್ನು ಬಗೆಹರಿಸಿತು. ಲೋಡ್ ಸೇರಿ 7,500 ಕಿಲೋ ಮೀರದ ಗೂಡ್ಸ್ ಗಾಡಿಯನ್ನು ಎಲ್.ಎಂ.ವಿ. ಲೈಸೆನ್ಸ್ ಇದ್ದವರು ಓಡಿಸಬಹುದು. ಅದಕ್ಕಿಂತ ದೊಡ್ಡ ಲಾರಿಗೆ ಬೇರೆ ಲೈಸೆನ್ಸ್ ಬೇಕೇ ಬೇಕು.

ಹಾಗಾದರೆ ಎಷ್ಟು ಬೇಕಾದರೂ ಹೇರಬಹುದೇ?

ಇಲ್ಲ! ಲೈಸೆನ್ಸಿನ ಲೆಕ್ಕ ಬೇರೆ, ಲೋಡಿನ ಲೆಕ್ಕ ಬೇರೆ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಇರುತ್ತದೆ. ಅದರಲ್ಲಿ ಬರೆದ ತೂಕ ಮೀರಿ ಹೇರಿದರೆ ದಂಡ ತಪ್ಪದು. ಅದಕ್ಕಿಂತ ಹೆಚ್ಚಾಗಿ, ಇಳಿಜಾರಿನಲ್ಲಿ ಭಾರದ ಟ್ರೇಲರ್ ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಪ್ರಾಣಕ್ಕೇ ಅಪಾಯ.

ಎಲ್ಲಿ ಎಡವುತ್ತೇವೆ?

* ಬರೀ ಬೈಕಿನ ಲೈಸೆನ್ಸ್ ಇದ್ದವನು ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಸರಿಯಾದ ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟು ಅಪಘಾತವಾದರೆ, ವಿಮಾ ಕಂಪನಿ ಗಾಯಗೊಂಡವರಿಗೆ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಕೋರ್ಟ್ ಬಿಡಬಹುದು. ಆಗ ಸಾಲದ ಕಂತು ಒಂದು ಕಡೆ, ಲಕ್ಷಗಟ್ಟಲೆ ಪರಿಹಾರ ಇನ್ನೊಂದು ಕಡೆ.

* ‘ಹೊಲದ ತನಕ ತಾನೇ’ ಅಂತ 18 ತುಂಬದ ಮಗನ ಕೈಗೆ ರಸ್ತೆಯಲ್ಲಿ ಸ್ಟೇರಿಂಗ್ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಗಾಡಿಯ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

* ಕೂಲಿಗೆ ಹೋಗುವಾಗ ನಾವೇ ಟ್ರೇಲರ್ ಹತ್ತಿ ಕೂರುತ್ತೇವೆ, ಅಲ್ಲವೇ? ಟ್ರೇಲರ್ ಇರುವುದು ಸಾಮಾನಿಗೆ, ಜನರಿಗಲ್ಲ. ಮಗುಚಿದರೆ ವಿಮೆಯ ಹಣ ಸಿಗುವ ಖಾತ್ರಿಯಿಲ್ಲ.

* ವಿಮೆ ಟ್ರ್ಯಾಕ್ಟರಿಗೆ ಮಾತ್ರ ಮಾಡಿಸಿ ಟ್ರೇಲರ್ ಮರೆಯಬೇಡಿ. ಬೇಸಾಯಕ್ಕೆಂದು ವಿಮೆ ಮಾಡಿಸಿದ ಗಾಡಿಯಲ್ಲಿ ಬಾಡಿಗೆಗೆ ಮರಳು, ಇಟ್ಟಿಗೆ ಹೊಡೆದರೆ ಕಂಪನಿ ತಕರಾರು ತೆಗೆಯುತ್ತದೆ.

ಮುಂದಿನ ಸಭೆಗೆ

ಗಾಡಿ ಇರುವ ಸದಸ್ಯೆಯರು ಮುಂದಿನ ಸಭೆಗೆ ಮೂರು ಕಾಗದ ತನ್ನಿ: ಟ್ರ್ಯಾಕ್ಟರ್ ಮತ್ತು ಟ್ರೇಲರಿನ ಆರ್.ಸಿ., ವಿಮೆಯ ಪಾಲಿಸಿ, ಓಡಿಸುವವರ ಲೈಸೆನ್ಸ್. ಲೈಸೆನ್ಸಿನಲ್ಲಿ ಯಾವ ವರ್ಗ, ಯಾವ ದಿನಾಂಕದವರೆಗೆ ಅಂತ ಓದು ಬಲ್ಲವರು ಓದಿ ಹೇಳಲಿ. ವಾಯಿದೆ ಮುಗಿದಿದ್ದರೆ ಆ ವಾರವೇ ಆರ್.ಟಿ.ಒ. ಕಚೇರಿಗೆ ಕಳಿಸಿ. ಹೊಸದಾಗಿ ಗಾಡಿ ಸಾಲ ಕೇಳುವವರಿಗೂ ಸಂಘ ಮೊದಲು ಇದನ್ನೇ ಕೇಳಲಿ: ‘ಓಡಿಸುವವರು ಯಾರು? ಅವರ ಲೈಸೆನ್ಸ್ ತೋರಿಸಿ.’ ಇದು ಅನುಮಾನವಲ್ಲ ಅಕ್ಕಾ, ನಮ್ಮ ದುಡಿಮೆಯ ಕಾವಲು.